ಸಂಘದ ಚೀಟಿ, ಪಾಲಿಕೆಯ ನೋಟಿಸು: ಯಾವುದಕ್ಕೆ ಎಷ್ಟು ಬಲ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಕಲಬುರಗಿಯ ರಿಂಗ್ ರೋಡ್ ಆಚೆಯ ಒಂದು ಖಾಸಗಿ ಬಡಾವಣೆಯಲ್ಲಿ 2014ರಲ್ಲಿ 30×40 ಪ್ಲಾಟ್ ತೆಗೆದುಕೊಂಡು ಮನೆ ಕಟ್ಟಿಸಿದ್ದೇನೆ. ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿಗೆ ಕೊಟ್ಟ ಬಡಾವಣೆ. ಕೆಲ ವರ್ಷಗಳ ಹಿಂದೆ ಇಲ್ಲಿ ನಿವಾಸಿಗಳ ಸಂಘ ಆಯಿತು. ನಾನು ಸದಸ್ಯೆ ಆಗಿಲ್ಲ. ಈಗ ಅವರು 50,000 ರೂಪಾಯಿ ಅಭಿವೃದ್ಧಿ ನಿಧಿ, ತಿಂಗಳಿಗೆ 1,500 ರೂಪಾಯಿ ಕೊಡಿ ಅನ್ನುತ್ತಿದ್ದಾರೆ. ಕೊಡದಿದ್ದಕ್ಕೆ ಉದ್ಯಾನದ ಬೋರ್‌ನಿಂದ ಬರುತ್ತಿದ್ದ ನೀರು ನಿಲ್ಲಿಸಿದರು. ಗೇಟಿನ ಹತ್ತಿರದ ಬೋರ್ಡಿನಲ್ಲಿ ನನ್ನ ಹೆಸರು ಬರೆದಿದ್ದಾರೆ. ಮೇಲಿನ ಮನೆಯನ್ನು ವಿದ್ಯಾರ್ಥಿಗಳಿಗೆ ಕೊಡಬಾರದು, ‘ಬೇರೆಯವರಿಗೆ’ ಕೊಡಬಾರದು ಎಂದು ಚೀಟಿ ಕಳಿಸಿದ್ದಾರೆ. ಸಂಘದ ಎನ್‌ಒಸಿ (ತಕರಾರಿಲ್ಲ ಎಂಬ ಪತ್ರ) ಇಲ್ಲದೆ ಮನೆ ಮಾರುವ ಹಾಗಿಲ್ಲವಂತೆ. ರಾತ್ರಿ 10ಕ್ಕೆ ರಸ್ತೆಯ ಗೇಟಿಗೆ ಬೀಗ ಹಾಕುತ್ತಾರೆ. ಹೋದ ವಾರ ಪಾಲಿಕೆಯಿಂದ ನೋಟಿಸು ಬಂತು. ಹೊರಗಿನ ಮೆಟ್ಟಿಲು ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡಬೇಕಾದ) ಜಾಗದಲ್ಲಿದೆ, 7 ದಿನದೊಳಗೆ ತೆಗೆಯಿರಿ, ಇಲ್ಲದಿದ್ದರೆ ನಾವೇ ಕೆಡವುತ್ತೇವೆ ಅಂತ. ದೂರು ಕೊಟ್ಟವರು ಸಂಘದವರೇ. ರೊಕ್ಕ ಕಟ್ಟಿ ಸುಮ್ಮನಾಗಲೇ? ಏನು ಮಾಡಲಿ?

ಉತ್ತರ:

ಅಕ್ಕಾವರೇ, ರೊಕ್ಕ ಕಟ್ಟಿ ಸುಮ್ಮನಾಗಬೇಡಿ. ಹಾಗಂತ ನೋಟಿಸನ್ನು ಡ್ರಾಯರ್‌ನಲ್ಲಿ ಇಟ್ಟು ಸುಮ್ಮನಿರಲೂಬೇಡಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅಧಿಕಾರಗಳು ಕಲಸಿಹೋಗಿವೆ. ಸಂಘಕ್ಕೆ ನಿಮ್ಮ ಮೇಲೆ ಏನಾದರೂ ಅಧಿಕಾರ ಇದ್ದರೆ ಅದು ನೀವು ಹಾಕಿದ ಸಹಿಯಿಂದ ಬರಬೇಕು. ಪಾಲಿಕೆಯ ಅಧಿಕಾರ ಕಾಯ್ದೆಯಿಂದ ಬರುತ್ತದೆ, ನಿಮ್ಮ ಸಹಿ ಅದಕ್ಕೆ ಬೇಕಿಲ್ಲ. ಆದರೆ ಆ ಕಾಯ್ದೆ ಹೇಳಿದ ಹೆಜ್ಜೆಗಳನ್ನು ಪಾಲಿಕೆ ಒಂದೊಂದಾಗಿ ಇಡಲೇಬೇಕು. ಹಾಗಾಗಿ ಯಾರೇ ಬಂದು ಬೇಡಿಕೆ ಇಟ್ಟರೂ ‘ಯಾವ ಕಾಗದದ ಪ್ರಕಾರ?’ ಎಂದು ಕೇಳಿ. ಬಾಯಿಮಾತಿನ ಉತ್ತರ ಬೇಡ, ಬರೆದು ಕೊಡಲಿ.

ಮೊದಲು ನೋಟಿಸಿನ ವಿಚಾರ. ಇದರಲ್ಲಿ ಮಾತ್ರ ದಿನಗಳ ಲೆಕ್ಕ ಇದೆ.

ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ 321ನೇ ಕಲಂ ಪ್ರಕಾರ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಮಾಡುತ್ತಾರೆ. ಅದರ ಪ್ರತಿಯ ಜೊತೆಗೆ ಕಾರಣ ಕೇಳುವ ನೋಟಿಸು ಕೊಡುತ್ತಾರೆ. ನಿಮ್ಮ ಉತ್ತರ ನೋಡಿದ ಮೇಲೆ ಆ ಆದೇಶವನ್ನು ಖಚಿತ ಮಾಡಬಹುದು, ಬದಲಿಸಬಹುದು, ಕೈಬಿಡಲೂಬಹುದು. ಕೆಡವುವ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ. ನಿಮ್ಮ ಕೈಯಲ್ಲಿರುವ ಕಾಗದ ಯಾವ ಹಂತದ್ದು ಎಂದು ನೋಡಿ. 321(1), 321(2), 321(3) ಇವುಗಳಲ್ಲಿ ಯಾವುದು ಬರೆದಿದೆ? ಕಲಂ ನಂಬರೇ ಇಲ್ಲವೇ? ಸಹಿ ಯಾರದ್ದು? ಅಳತೆ ಕೊಟ್ಟಿದ್ದಾರಾ, ಸುಮ್ನೆ ‘ಸೆಟ್‌ಬ್ಯಾಕ್ ಉಲ್ಲಂಘನೆ’ ಅಂತಷ್ಟೇ ಬರೆದಿದ್ದಾರಾ? ಈ ಸಣ್ಣ ವಿವರಗಳ ಮೇಲೆಯೇ ಪ್ರಕರಣ ನಿಲ್ಲುತ್ತದೆ.

ಇದರ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಕೊಟ್ಟ ತೀರ್ಪು ಇದೆ. ಬುಲ್ಡೋಜರ್ ತೀರ್ಪು ಎಂದೇ ಹೆಸರಾಯಿತು. ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳು ಅದರಲ್ಲಿವೆ. ಕಟ್ಟಡ ಕೆಡವುವ ಮುಂಚೆ ಕಾರಣ ಕೇಳುವ ನೋಟಿಸು ಕೊಡಲೇಬೇಕು. ಸ್ಥಳೀಯ ಕಾಯ್ದೆಯಲ್ಲಿ ಹೇಳಿದ ಅವಧಿ ಅಥವಾ ನೋಟಿಸು ಕೈಸೇರಿದ ದಿನದಿಂದ 15 ದಿನ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಸಮಯ ಸಿಗಬೇಕು. ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ಮಾಲೀಕರನ್ನು ಕರೆದು ಅವರ ಮಾತು ಕೇಳಬೇಕು. ಕೊನೆಯ ಆದೇಶದಲ್ಲಿ ಕಾರಣ ಬರೆಯಬೇಕು. ದಂಡ ಕಟ್ಟಿಸಿಕೊಂಡು ಉಳಿಸಲು ಬರುವುದಿಲ್ಲವೇ, ಒಂದು ಭಾಗ ಮಾತ್ರ ತೆಗೆದರೆ ಸಾಲದೇ, ಕೆಡವುವುದೊಂದೇ ದಾರಿಯೇ ಎನ್ನುವುದನ್ನೂ ಹೇಳಬೇಕು. ಆದೇಶದ ನಂತರ ಮತ್ತೆ 15 ದಿನ ಬಿಡಬೇಕು. ಈ ನಿರ್ದೇಶನ ಮುರಿದ ಅಧಿಕಾರಿಗಳು ತಮ್ಮ ಸ್ವಂತ ಖರ್ಚಿನಲ್ಲಿ ಆಸ್ತಿಯನ್ನು ಮೊದಲಿನಂತೆ ಮಾಡಿಕೊಡಬೇಕಾದೀತು ಎಂದೂ ಕೋರ್ಟ್ ಹೇಳಿದೆ. ಅಂದಮೇಲೆ ನಿಮ್ಮ ನೋಟಿಸಿನ 7 ದಿನದ ಗಡುವು ಈ ತೀರ್ಪಿನ ಮುಂದೆ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆ. ರಸ್ತೆ, ಫುಟ್‌ಪಾತ್, ಕೆರೆ, ನದಿ, ರೈಲು ಹಳಿ ಪಕ್ಕದ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ಕೋರ್ಟೇ ಕೆಡವಲು ಹೇಳಿದ್ದಕ್ಕೂ ಇಲ್ಲ. ನಮ್ಮೂರಲ್ಲಿ ಮನೆ ಮುಂದೆ ಫರ್ಸಿ ಹಾಸಿ ಕಟ್ಟೆ ಕಟ್ಟುವುದು, ಗಾಡಿ ಏರಿಸಲು ರ‍್ಯಾಂಪ್ ಮಾಡುವುದು ಎಲ್ಲರಿಗೂ ರೂಢಿ. ನಿಮ್ಮ ಮೆಟ್ಟಿಲು ನಿಮ್ಮದೇ ಪ್ಲಾಟಿನ ಗಡಿಯೊಳಗೆ ಇದೆಯೋ, ಕೊನೆಯ ಎರಡು ಮೆಟ್ಟಿಲು ರಸ್ತೆಗೆ ಚಾಚಿವೆಯೋ ಎಂದು ಇವತ್ತೇ ಟೇಪ್ ಹಿಡಿದು ಅಳೆಯಿರಿ. ರಸ್ತೆಗೆ ಬಂದಿದ್ದರೆ ಅಷ್ಟನ್ನು ನೀವೇ ತೆಗೆಸಿ ಫೋಟೋ ಇಟ್ಟುಕೊಳ್ಳಿ. ಉಳಿದದ್ದನ್ನು ಕಾಪಾಡಿಕೊಳ್ಳಲು ಅದರಿಂದ ಅನುಕೂಲವಾಗುತ್ತದೆ.

ಸೆಟ್‌ಬ್ಯಾಕ್ ನಿಜವಾಗಿಯೂ ಮೀರಿದ್ದರೆ? ನಿಮ್ಮ ಮನೆಗೆ ಒಪ್ಪಿಗೆ ಸಿಕ್ಕ ನಕ್ಷೆ ತೆಗೆದು ನೋಡಿ. ಅದರಲ್ಲಿ ಮೆಟ್ಟಿಲು ತೋರಿಸಿದ್ದರೆ ನಿಮ್ಮ ಉತ್ತರ ಅರ್ಧ ಪುಟದಲ್ಲಿ ಮುಗಿಯುತ್ತದೆ. ತೋರಿಸಿರದಿದ್ದರೆ ‘ಪಕ್ಕದ ಮನೆಯವರೂ ಹಾಗೇ ಕಟ್ಟಿದ್ದಾರೆ’ ಎಂಬ ವಾದ ಕೆಲಸಕ್ಕೆ ಬರುವುದಿಲ್ಲ. ಇನ್ನೊಬ್ಬರ ತಪ್ಪು ತೋರಿಸಿ ನಮ್ಮ ತಪ್ಪಿಗೆ ಸಮಾನತೆ ಕೇಳಲು ಬರುವುದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಇಡೀ ಓಣಿಯಲ್ಲಿ ನಿಮ್ಮೊಬ್ಬರ ಮೇಲೆ ಮಾತ್ರ ಕ್ರಮ ಏಕೆ ಎಂದು ಕೇಳಬಹುದು, ಅದು ದುರುದ್ದೇಶ ತೋರಿಸಲು ಉಪಯೋಗ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಅಕ್ರಮ ಕಟ್ಟಡಗಳ ಬಗ್ಗೆ ಇದೇ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಇನ್ನೊಂದು ತೀರ್ಪು ಕೊಟ್ಟಿದೆ, ಅದು ಬಹಳ ಬಿಗಿ. ಬಹಳ ವರ್ಷದಿಂದ ಇದೆ, ಬಹಳ ಖರ್ಚು ಮಾಡಿದ್ದೇವೆ ಎಂಬ ಕಾರಣಕ್ಕೆ ಅಕ್ರಮ ಸಕ್ರಮ ಆಗುವುದಿಲ್ಲ ಎಂದಿದೆ.

ಈ ಸಮಯದಲ್ಲೇ ಯಾರಾದರೂ ಬಂದು ‘ಅಕ್ರಮ-ಸಕ್ರಮದಲ್ಲಿ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ’ ಅಂದಾರು. ಒಂದು ರೂಪಾಯಿಯೂ ಕೊಡಬೇಡಿ. ಸೆಟ್‌ಬ್ಯಾಕ್ ಮೀರಿದ ಮನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದರ ಹೆಸರಲ್ಲಿ ಕೈಗೆ ರೊಕ್ಕ ಕೇಳುವವರು ನಿಮ್ಮ ಭಯವನ್ನು ಮಾರಿಕೊಳ್ಳುತ್ತಿದ್ದಾರೆ.

ಉತ್ತರವನ್ನು ಹೀಗೆ ಬರೆಯಿರಿ: ‘ತಮ್ಮ ಇಂಥ ದಿನಾಂಕದ, ಇಂಥ ಸಂಖ್ಯೆಯ ನೋಟಿಸು ನನಗೆ ಇಂಥ ದಿನ ಕೈಸೇರಿದೆ. ಸ್ಥಳ ತನಿಖೆಯ ಮಹಜರು, ಅಳತೆಯ ನಕ್ಷೆ, ದೂರಿನ ಪ್ರತಿ ನನಗೆ ಕೊಟ್ಟಿಲ್ಲ. ಅವುಗಳನ್ನು ಕೊಡಿ. ಸುಪ್ರೀಂ ಕೋರ್ಟಿನ 13-11-2024ರ ನಿರ್ದೇಶನದಂತೆ 15 ದಿನದ ಅವಕಾಶ ಕೊಡಿ, ಖುದ್ದಾಗಿ ನನ್ನ ಮಾತು ಕೇಳಿ. ನನ್ನ ಸಮಕ್ಷಮದಲ್ಲಿ ಮರು ಅಳತೆ ಮಾಡಿ. ಅಲ್ಲಿಯವರೆಗೆ ಯಾವ ಕ್ರಮವನ್ನೂ ತೆಗೆದುಕೊಳ್ಳಬಾರದು.’ ಒಪ್ಪಿಗೆ ಪಡೆದ ನಕ್ಷೆ, ಖಾತಾ ಉತಾರ, ತೆರಿಗೆ ರಸೀದಿಗಳ ಜೆರಾಕ್ಸ್ ಲಗತ್ತಿಸಿ. ಪಾಲಿಕೆಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ತಪ್ಪು ಒಪ್ಪಿಕೊಳ್ಳುವ ಮಾತನ್ನೂ ಬರೆಯಬೇಡಿ, ಸುಳ್ಳನ್ನೂ ಬರೆಯಬೇಡಿ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಎಂಬ ನಿಯಮ ಇದೆ. ಹಾಗಾಗಿ ಕಥೆ ಬರೆಯಬೇಡಿ. ‘ಇಂಥ ಸಂಖ್ಯೆಯ ನೋಟಿಸಿಗೆ ಸಂಬಂಧಿಸಿದ ಕಡತದ ಎಲ್ಲ ಪುಟಗಳ ದೃಢೀಕೃತ ಪ್ರತಿ’ ಎಂದಷ್ಟೇ ಕೇಳಿ. ಕಡತ ಕೈಗೆ ಬಂದರೆ ಸ್ಥಳ ತನಿಖೆ ಆಗಿದೆಯೋ, ಕುಳಿತಲ್ಲೇ ನೋಟಿಸು ಬರೆದರೋ ಗೊತ್ತಾಗುತ್ತದೆ.

ಆಯುಕ್ತರು ಆದೇಶ ಖಚಿತ ಮಾಡಿದರೆ ಅದೇ ಕಾಯ್ದೆಯ 443-ಎ ಕಲಂನಲ್ಲಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ನಿಯಮ ಬದಿಗಿಟ್ಟು ಜೆಸಿಬಿ ತರುವ ಹಾಗೆ ಕಂಡರೆ ಹೈಕೋರ್ಟ್ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಿಂದ ಕಲಬುರಗಿಯಲ್ಲಿ ಕಾಯಂ ಪೀಠ ಆಗಿದೆ. ಅದಕ್ಕೂ ಮುಂಚೆ ಇಂಥ ಒಂದು ತಡೆಯಾಜ್ಞೆಗೆ ಈ ಭಾಗದವರು ಬೆಂಗಳೂರಿಗೆ ರಾತ್ರಿ ರೈಲು ಹತ್ತಬೇಕಿತ್ತು. ಪೀಠಕ್ಕಾಗಿ ಇಲ್ಲಿನ ಜನ, ವಕೀಲರು ವರ್ಷಗಟ್ಟಲೆ ಹೋರಾಡಿದ್ದು ನಿಮ್ಮಂಥವರಿಗಾಗಿಯೇ.

ಇನ್ನು ಸಂಘ.

ಬಡಾವಣೆ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಲ್ಲಿ ನೋಂದಣಿ ಆಗಿರುತ್ತವೆ. ಅದರಲ್ಲಿ ಸದಸ್ಯತ್ವ ಇಷ್ಟಪಟ್ಟು ಪಡೆಯುವಂಥದ್ದು. ಬೈಲಾ ಮತ್ತು ಸರ್ವಸದಸ್ಯರ ಸಭೆಯ ಠರಾವು ಸದಸ್ಯರನ್ನು ಕಟ್ಟಿಹಾಕುತ್ತದೆ. ಓಣಿಯಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಸದಸ್ಯರಾಗುವುದಿಲ್ಲ. ತೆರಿಗೆ ಹಾಕುವ ಅಧಿಕಾರ ಪಾಲಿಕೆಗೆ ಇದೆ, ಸಂಘಕ್ಕೆ ಇಲ್ಲ. ಹಾಗಾಗಿ 50,000 ರೂಪಾಯಿ ‘ಅಭಿವೃದ್ಧಿ ನಿಧಿ’ ನೀವು ಕೊಡಬೇಕಾದ ಸಾಲ ಅಲ್ಲ. ಕೊಟ್ಟರೆ ಅದು ದೇಣಿಗೆ.

ಆದರೆ ಇದನ್ನು ಖಚಿತವಾಗಿ ಹೇಳುವ ಮುಂಚೆ ನಿಮ್ಮ ಖರೀದಿ ಪತ್ರವನ್ನು ಕೊನೆಯ ಪುಟದವರೆಗೆ ಓದಿ. ನಿರ್ವಹಣೆ ವೆಚ್ಚ ಕೊಡುತ್ತೇನೆ, ಸಂಘಕ್ಕೆ ಸೇರುತ್ತೇನೆ ಎಂಬ ಷರತ್ತು ಇದೆಯೇ? ಪ್ಲಾಟ್ ತೆಗೆದುಕೊಳ್ಳುವಾಗ ಬಿಲ್ಡರ್ ಕಚೇರಿಯಲ್ಲಿ ಯಾವುದಾದರೂ ಫಾರಂಗೆ ಸಹಿ ಹಾಕಿದ್ದು ನೆನಪಿದೆಯೇ? ಇದ್ದರೆ ಲೆಕ್ಕ ಬೇರೆ. ನಿಮ್ಮ ಖರೀದಿ 2014ರದ್ದು. 2017ರ ಮೇ 1ರಿಂದ ಪೂರ್ತಿ ಜಾರಿಗೆ ಬಂದ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿಯಾದ ಬಡಾವಣೆಗಳಲ್ಲಿ ಕೊಂಡವರು ಸಂಘ ಕಟ್ಟುವುದರಲ್ಲಿ ಕೈಜೋಡಿಸಬೇಕು, ಒಪ್ಪಂದದಂತೆ ನಿರ್ವಹಣೆ ಪಾಲು ಕೊಡಬೇಕು. ಅಂಥವರಿಗೆ ಈ ಉತ್ತರ ಹೊಂದುವುದಿಲ್ಲ, ಅಪಾರ್ಟ್‌ಮೆಂಟಿನವರಿಗೂ ಹೊಂದುವುದಿಲ್ಲ. ಅವರಿಗೆ 1972ರ ಪ್ರತ್ಯೇಕ ಕಾಯ್ದೆ ಇದೆ. ಲಿಫ್ಟು, ಛಾವಣಿ ಎಲ್ಲ ಜಂಟಿ ಆಸ್ತಿ ಆದ್ದರಿಂದ ಖರ್ಚೂ ಜಂಟಿ.

ನೀರಿನ ವಿಚಾರದಲ್ಲಿ ಮಾತ್ರ ನಿಮಗೂ ಒಂದು ಮಾತು ಹೇಳಬೇಕು. ನೀವು ಬಳಸಿದ ನೀರಿಗೆ ರೊಕ್ಕ ಕೊಡಬೇಕು. ಬೋರ್‌ನ ಕರೆಂಟ್ ಬಿಲ್ ಯಾರೋ ಕಟ್ಟುತ್ತಿದ್ದಾರೆ, ಮೋಟಾರು ಸುಟ್ಟರೆ ಯಾರೋ ರಿಪೇರಿ ಮಾಡಿಸುತ್ತಾರೆ. ಪುಕ್ಕಟೆ ಅಲ್ಲದ ಉಪಕಾರದ ಫಲ ಉಂಡವರು ಅದಕ್ಕೆ ತಕ್ಕ ಹಣ ಕೊಡಬೇಕು ಎಂದು 1872ರ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಬೀದಿದೀಪ, ಕಾವಲುಗಾರ, ಗಣೇಶೋತ್ಸವ ಎಲ್ಲವನ್ನೂ ಒಂದೇ 1,500ರಲ್ಲಿ ಸೇರಿಸಿದ್ದರೆ, ನೀರಿನ ಬಾಬ್ತು ಎಷ್ಟು ಎಂದು ಬಿಡಿಸಿ ಬರೆದುಕೊಡಲು ಕೇಳಿ. ಅದನ್ನು ಚೆಕ್‌ನಲ್ಲಿ ಅಥವಾ ಬ್ಯಾಂಕ್ ಮೂಲಕ ಕಟ್ಟಿ. ‘ನೀರಿನ ಬಾಬ್ತು ಮಾತ್ರ, ಉಳಿದ ಬೇಡಿಕೆಗೆ ತಕರಾರಿದೆ’ ಎಂದು ಪತ್ರ ಕೊಡಿ. ಕೈಯಲ್ಲಿ ನಗದು ಬೇಡ.

ಇಷ್ಟಾದ ಮೇಲೂ ನೀರು ಬಿಡದಿದ್ದರೆ ಅದು ಬರೀ ಬೆದರಿಕೆ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿದು. ವಯಸ್ಸಾದವರ ಮನೆಗೆ ನೀರು ಬಂದ್ ಮಾಡಿ ವಸೂಲಿ ಮಾಡುವುದನ್ನು ಯಾವ ಕಾಯ್ದೆಯೂ ಒಪ್ಪುವುದಿಲ್ಲ, ಮನುಷ್ಯತ್ವವೂ ಒಪ್ಪುವುದಿಲ್ಲ. ಸಿವಿಲ್ ಕೋರ್ಟಿನಲ್ಲಿ ನೀರು ಮತ್ತೆ ಬಿಡುವಂತೆ ಮಧ್ಯಂತರ ಆದೇಶ ಕೇಳಬಹುದು. ಬೋರ್ ಇರುವುದು ಉದ್ಯಾನದ ಜಾಗದಲ್ಲಿ ಅಂದಿರಿ. ಒಪ್ಪಿಗೆ ಪಡೆದ ಬಡಾವಣೆಯ ರಸ್ತೆ, ಉದ್ಯಾನಗಳನ್ನು ಮಾಲೀಕರು ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು, ಆಮೇಲೆ ಅವು ಪಾಲಿಕೆಯ ಸುಪರ್ದಿಗೆ ಬರುತ್ತವೆ. ಆ ಹಸ್ತಾಂತರದ ಪತ್ರದ ಪ್ರತಿಯನ್ನು ಪ್ರಾಧಿಕಾರದಿಂದ ತೆಗೆಸಿ. ಹಸ್ತಾಂತರ ಆಗಿದ್ದರೆ ಆ ಜಾಗದ ಬೋರನ್ನು ಸಂಘ ತನ್ನದು ಎಂದು ಹೇಳಿಕೊಳ್ಳಲು ಬರುವುದಿಲ್ಲ. ಇದರ ಜೊತೆಗೇ ಪಾಲಿಕೆಯ ನಳಕ್ಕೂ ನಿಮ್ಮ ಹೆಸರಲ್ಲಿ ಅರ್ಜಿ ಕೊಟ್ಟುಬಿಡಿ.

ಗೇಟಿನ ಬೀಗಕ್ಕೂ ಇದೇ ಉತ್ತರ. ರಸ್ತೆ ಸಾರ್ವಜನಿಕರದ್ದು. ಕಾವಲುಗಾರ ಇಟ್ಟು ಬಂದುಹೋಗುವವರನ್ನು ಗಮನಿಸುವುದು ಬೇರೆ, ಬೀಗ ಜಡಿಯುವುದು ಬೇರೆ. ನಡುರಾತ್ರಿ ಆಂಬುಲೆನ್ಸ್ ಬಂದರೆ ಕೀಲಿ ಹುಡುಕುತ್ತಾ ನಿಲ್ಲಬೇಕಾ? ನಿಮ್ಮನ್ನೇ ಒಳಗೆ ಬಿಡದೆ ತಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂನಲ್ಲಿ ಅಪರಾಧ. ಬೋರ್ಡಿನಲ್ಲಿ ‘ಬಾಕಿದಾರರು’ ಎಂದು ಹೆಸರು ಬರೆದದ್ದರ ಫೋಟೋ ತೆಗೆದಿಡಿ. ಇಲ್ಲದ ಸಾಲಕ್ಕೆ ಮಾನ ಕಳೆದರೆ ಮಾನಹಾನಿಯ ನೋಟಿಸು ಕೊಡಬಹುದು. ಬಹಳ ಕಡೆ ವಕೀಲರ ಪತ್ರ ಹೋದ ಮೇಲೆ ಬೋರ್ಡು ತಾನಾಗಿ ಕೆಳಗಿಳಿಯುತ್ತದೆ.

ಎನ್‌ಒಸಿ ಮಾತು ಪೊಳ್ಳು. ಬಿಡಿ ಪ್ಲಾಟಿನ ಮನೆ ಮಾರಲು ಉಪನೋಂದಣಿ ಕಚೇರಿಯಲ್ಲಿ ಇ-ಖಾತಾ ಕೇಳುತ್ತಾರೆ, ಸಂಘದ ಚೀಟಿ ಕೇಳುವುದಿಲ್ಲ.

ಬಾಡಿಗೆದಾರರ ವಿಷಯ ಓದಿ ನನಗೆ ಬಹಳ ಬೇಸರವಾಯಿತು. ವಿದ್ಯಾರ್ಥಿಗಳಿಗೆ ಕೊಡಬಾರದು, ‘ಬೇರೆಯವರಿಗೆ’ ಕೊಡಬಾರದು ಅಂದರೆ ಏನರ್ಥ? ಅಫಜಲಪುರ, ಸುರಪುರ, ಔರಾದ್ ಕಡೆಯಿಂದ ಓದಲು ಬರುವ ಮಕ್ಕಳು ಎಲ್ಲಿಗೆ ಹೋಗಬೇಕು? ಬಂದೇ ನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಬುದ್ಧ ವಿಹಾರ ಮೂರೂ ಇರುವ ಊರಿನಲ್ಲಿ ಇಂಥ ಚೀಟಿ ಓಡಾಡಬಾರದು. ನಿಮ್ಮ ಮನೆಯನ್ನು ಯಾರಿಗೆ ಬಾಡಿಗೆ ಕೊಡಬೇಕು ಎನ್ನುವುದು ನಿಮ್ಮ ಹಕ್ಕು. ಆ ‘ಬೇರೆಯವರು’ ಪರಿಶಿಷ್ಟರು ಎಂದಾದರೆ, ಅವರಿಗೆ ಬಹಿಷ್ಕಾರ ಹಾಕುವುದು, ಹಾಕುವ ಬೆದರಿಕೆ ಒಡ್ಡುವುದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧವಾಗುತ್ತದೆ. ಆ ಚೀಟಿಯನ್ನು ಜೋಪಾನವಾಗಿ ಇಡಿ. ಅದು ಅವರ ಕೈಬರಹದ ಸಾಕ್ಷಿ. ನಿಮ್ಮ ಕಡೆಯಿಂದ ಬಾಡಿಗೆ ಕರಾರು ಬರೆಸಿ, ಆಧಾರ್ ಪ್ರತಿ ಪಡೆದು ಠಾಣೆಗೆ ಮಾಹಿತಿ ಕೊಡಿ. ರಾತ್ರಿ ಗಲಾಟೆ, ಕಸ, ಅಡ್ಡಾದಿಡ್ಡಿ ಬೈಕ್ ನಿಲ್ಲಿಸುವುದು, ಇಂಥ ದೂರು ಬಂದರೆ ಸರಿಪಡಿಸಿ. ಅದು ನೆರೆಯವರ ನ್ಯಾಯವಾದ ಮಾತು. ಆದರೆ ಎರಡು ಕೋಣೆಯಲ್ಲಿ ಹತ್ತಾರು ಮಂಚ ಹಾಕಿ ಪಿಜಿ ನಡೆಸಿದರೆ ಅದು ವ್ಯಾಪಾರ, ಪಾಲಿಕೆಯ ಲೈಸೆನ್ಸ್ ಬೇಕಾಗುತ್ತದೆ.

ಸಂಘದ ಜೊತೆ ಮುಂದೇನು? ನನ್ನ ಸಲಹೆ ನಿಮಗೆ ಅಚ್ಚರಿ ಎನಿಸಬಹುದು. ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಯಿಂದ ಇವರ ಬೈಲಾ, ಆಡಳಿತ ಮಂಡಳಿ ಪಟ್ಟಿ, ಪ್ರತಿ ವರ್ಷ ಸಲ್ಲಿಸಬೇಕಾದ ಲೆಕ್ಕಪತ್ರದ ಪ್ರತಿ ತೆಗೆಸಿ. ಬೈಲಾ ನ್ಯಾಯವಾಗಿದ್ದರೆ ಸದಸ್ಯರಾಗಿ. ಹೊರಗಿನವರ ಅರ್ಜಿಗೆ ಅಲ್ಲಿ ಬೆಲೆ ಕಡಿಮೆ. ಆದರೆ ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಸಹಿ ಹಾಕಿ ಕೇಳಿದರೆ ಸಂಘಗಳ ನೋಂದಣಿ ಕಾಯ್ದೆಯ 25ನೇ ಕಲಂನಲ್ಲಿ ನೋಂದಣಾಧಿಕಾರಿ ವಿಚಾರಣೆ ನಡೆಸಲೇಬೇಕು. 50,000 ಕೊಟ್ಟು ಒಳಗೊಳಗೆ ಕುದಿಯುತ್ತಿರುವ ಮನೆಗಳು ನಿಮ್ಮ ಓಣಿಯಲ್ಲೇ ಇರುತ್ತವೆ. ಅವರನ್ನು ಮಾತಾಡಿಸಿ. ರಸೀದಿ ಸಿಕ್ಕಿದೆಯೇ, ಲೆಕ್ಕ ತೋರಿಸಿದ್ದಾರೆಯೇ ಎಂದು ಕೇಳಿ.

ನನಗೆ ಸಂಘಗಳ ಮೇಲೆ ದ್ವೇಷ ಇಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಉದ್ಯಾನ ಉಳಿಸಿಕೊಳ್ಳುವ ಹಕ್ಕು ನಿವಾಸಿಗಳಿಗೆ ಇದೆ ಎಂದಿತು. ಸಂಘ ಮಾಡಬೇಕಾದ ಕೆಲಸ ಇದು. ಒಳಚರಂಡಿ ಯಾಕೆ ಬಂದಿಲ್ಲ, ಬೀದಿದೀಪ ಯಾಕೆ ಉರಿಯುತ್ತಿಲ್ಲ, ಉದ್ಯಾನಕ್ಕೆ ಬೇಲಿ ಯಾಕಿಲ್ಲ ಎಂದು ಪಾಲಿಕೆಯ ಬಾಗಿಲು ತಟ್ಟಬೇಕು. ಸುಮಾರು 5 ಲಕ್ಷಕ್ಕೂ ಜಾಸ್ತಿ ಜನರಿರುವ, 55 ವಾರ್ಡುಗಳ ಊರಿನಲ್ಲಿ ಹೊಸ ಬಡಾವಣೆಗಳು ಕೇಳದಿದ್ದರೆ ಅವರ ಪಾಲಿಗೆ ಏನೂ ಬರುವುದಿಲ್ಲ. ಕಚೇರಿಯನ್ನು ಕೇಳಬೇಕಾದವರು ಅದೇ ಕಚೇರಿಯ ನೋಟಿಸನ್ನು ಪಕ್ಕದ ಮನೆಯವರ ಮೇಲೆ ಎಸೆಯುವುದು ನೋಡಿದರೆ ಸಂಕಟವಾಗುತ್ತದೆ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತದೆ. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯದ ಮಿತಿ ನೋಡುವುದಿಲ್ಲ. ಸಹಾಯವಾಣಿ 15100. ಹೋಗುವಾಗ ಖರೀದಿ ಪತ್ರ, ಮನೆಯ ನಕ್ಷೆ, ಖಾತಾ ಉತಾರ, ಪಾಲಿಕೆಯ ನೋಟಿಸು ಮತ್ತು ಅದು ಬಂದ ಲಕೋಟೆ, ನಿಮ್ಮ ಉತ್ತರದ ಸೀಲು ಬಿದ್ದ ಪ್ರತಿ, ಸಂಘದ ಚೀಟಿಗಳು, ಬೋರ್ಡಿನ ಫೋಟೋ ಒಯ್ಯಿರಿ. ಲಕೋಟೆಯನ್ನು ಎಸೆದಿದ್ದರೆ ಕಸದ ಬುಟ್ಟಿಯಲ್ಲಾದರೂ ಹುಡುಕಿ. ನೋಟಿಸು ಯಾವ ದಿನ ಕೈಸೇರಿತು ಎಂಬುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಪುರಾವೆ, 15 ದಿನದ ಲೆಕ್ಕ ಶುರುವಾಗುವುದೂ ಅಲ್ಲಿಂದಲೇ.